ನಿವೃತ್ತಿಯ ನಂತರ ಫೋಟೋಗ್ರಫಿ: ಯಾವುದು ಮೊದಲು, ಯಾವುದು ಆಮೇಲೆ

ನಿವೃತ್ತಿಯಾದ ಮೂರನೇ ವಾರವೇ ನಾನು ಒಂದು ತಪ್ಪು ಮಾಡಿದೆ. ಮೂವತ್ತು ವರ್ಷದಿಂದ ಆಸೆಪಟ್ಟಿದ್ದ ದೊಡ್ಡ ಕ್ಯಾಮೆರಾ, ಜೊತೆಗೆ ಹಕ್ಕಿಗಳ ಫೋಟೋ ತೆಗೆಯುವಂಥ ಉದ್ದನೆಯ ಝೂಮ್ ಲೆನ್ಸ್, ಎರಡನ್ನೂ ಒಂದೇ ಸಲಕ್ಕೆ ಕೊಂಡುಬಿಟ್ಟೆ. ಒಟ್ಟು ತೂಕ ಮೂರು ಕೆಜಿ ಹತ್ತಿರ. ಮೊದಲ ತಿಂಗಳು ಹುರುಪಿನಲ್ಲಿ ಕುತ್ತಿಗೆಗೆ ನೇತುಹಾಕಿಕೊಂಡು ಓಡಾಡಿದೆ. ಎರಡನೇ ತಿಂಗಳು ಕುತ್ತಿಗೆ ಹಿಡಿದುಕೊಂಡಿತು. ಮೂರನೇ ತಿಂಗಳು ಕ್ಯಾಮೆರಾ ಚೀಲದ ಸಮೇತ ಬೀರು ಸೇರಿತು. ಮಳೆಗಾಲ ಕಳೆದ ಮೇಲೆ ತೆಗೆದು ನೋಡಿದರೆ ಲೆನ್ಸಿನ ಒಳಗೆ ಜೇಡರ ಬಲೆಯಂಥ ಬಿಳಿ ಎಳೆಗಳು. ಫಂಗಸ್ ಹಿಡಿದಿತ್ತು. ನನ್ನ ಹೆಂಡತಿ ಏನೂ ಹೇಳಲಿಲ್ಲ. ಅದೇ ಜಾಸ್ತಿ ಚುಚ್ಚಿದ್ದು.

ಕೊನೆಗೆ ಮಾಡಬೇಕಾದ್ದನ್ನು ಮೊದಲು ಮಾಡಿದ್ದೆ. ಎಡವಿದ ಮೇಲೆ ಕಲಿತ ಕ್ರಮವನ್ನು ಇಲ್ಲಿ ಬರೆದಿದ್ದೇನೆ. ಕೆಲಸದ ದಿನಗಳಲ್ಲಿ ಆಗಾಗ ಫೋಟೋ ತೆಗೆಯುತ್ತಿದ್ದು, "ಆಮೇಲೆ ನೋಡೋಣ" ಎಂದು ಮುಂದೂಡುತ್ತ ಬಂದವರಿಗೆ ಇದು ಉಪಯೋಗವಾಗಬಹುದು.

ಹೆಜ್ಜೆ 1: ಹಳೇ ಡಬ್ಬ ಹೊರಗೆ ತೆಗೆಯಿರಿ

ಏನನ್ನೂ ಕೊಳ್ಳುವ ಮೊದಲು ಮನೆಯಲ್ಲಿರುವ ಹಳೇ ಆಲ್ಬಮ್‌ಗಳು, ನೆಗೆಟಿವ್‌ಗಳು, ಹಳೇ ಫೋನಿನಲ್ಲಿ ಉಳಿದುಹೋದ ಫೋಟೋಗಳು, ಎಲ್ಲವನ್ನೂ ಒಂದು ಕಡೆ ಗುಡ್ಡೆ ಹಾಕಿ. ಒಂದು ವಾರ ಸುಮ್ನೆ ನೋಡಿ. ಮದುವೆ, ಹುಟ್ಟುಹಬ್ಬ, ಪ್ರವಾಸದ ಗುಂಪು ಫೋಟೋಗಳನ್ನು ಪಕ್ಕಕ್ಕಿಡಿ. ಅವು ಯಾರೋ ಹೇಳಿದ್ದಕ್ಕೆ ತೆಗೆದವು. ಯಾರೂ ಕೇಳದಿದ್ದರೂ ನೀವೇ ತೆಗೆದ ಫೋಟೋ ಯಾವುವು? ರೀಲಿನಲ್ಲಿ 36 ಫೋಟೋ ಮಾತ್ರ ಇದ್ದ ಕಾಲದಲ್ಲೂ ಒಂದೆರಡನ್ನು ಯಾವುದಕ್ಕೆ ಖರ್ಚು ಮಾಡಿದ್ದೀರಿ?

ನನ್ನ ಡಬ್ಬದಲ್ಲಿ ಹಕ್ಕಿ ಒಂದೂ ಇರಲಿಲ್ಲ. ಇದ್ದದ್ದು ಕೈಗಳು. ಹೊಲಿಯುವ ಕೈ, ಟೈಪ್ ಮಾಡುವ ಕೈ, ಸೈಕಲ್ ಚೈನ್ ಹಾಕುವ ಕೈ. ನಾನು ಗಮನಿಸದೇ ಇಷ್ಟು ವರ್ಷ ಅದನ್ನೇ ತೆಗೆಯುತ್ತ ಬಂದಿದ್ದೆ. ಹಕ್ಕಿಯ ಆಸೆ ಹತ್ತಿದ್ದು ಬೇರೆಯವರ ಫೋಟೋ ನೋಡಿ. ಈ ಕೆಲಸವನ್ನು ಮೊದಲೇ ಮಾಡಿದ್ದರೆ ಆ ಝೂಮ್ ಲೆನ್ಸ್ ಮನೆಗೆ ಬರುತ್ತಲೇ ಇರಲಿಲ್ಲ ಅಲ್ವಾ?

ನೋಡುತ್ತ ಕೂತಾಗಲೇ ಹಳೆಯವನ್ನು ಉಳಿಸುವ ಕೆಲಸವನ್ನೂ ಶುರು ಮಾಡಿ. ಬಣ್ಣದ ಪ್ರಿಂಟುಗಳು ವರ್ಷ ಕಳೆದಂತೆ ಕೆಂಪಾಗುತ್ತವೆ, ಮಾಸುತ್ತವೆ. ಅಂಟು ಹಾಳೆಯ ಮೇಲೆ ಪ್ಲಾಸ್ಟಿಕ್ ಹೊದಿಕೆ ಇರುವ ಆಲ್ಬಮ್‌ಗಳಂತೂ ಫೋಟೋಗಳಿಗೆ ಶತ್ರು. ಆ ಅಂಟು ಫೋಟೋದ ಕಾಗದವನ್ನು ನಿಧಾನಕ್ಕೆ ಹಾಳು ಮಾಡುತ್ತದೆ. ಹಿಡಿದೆಳೆಯಬೇಡಿ, ಹರಿಯುತ್ತದೆ. ಹಲ್ಲಿನ ಸಂದಿ ಸ್ವಚ್ಛ ಮಾಡುವ ಫ್ಲಾಸ್ ದಾರವನ್ನು ಫೋಟೋದ ಕೆಳಗೆ ತೂರಿಸಿ, ಗರಗಸದ ಹಾಗೆ ಆಚೀಚೆ ಎಳೆದರೆ ಬಿಟ್ಟುಕೊಳ್ಳುತ್ತದೆ. ಬಿಡದೇ ಹಠ ಮಾಡಿದರೆ ಹಾಳೆಯಲ್ಲಿ ಇರುವಂತೆಯೇ ಸ್ಕ್ಯಾನ್ ಮಾಡಿ.

ಪ್ರಿಂಟುಗಳನ್ನು 600 ಡಿಪಿಐನಲ್ಲಿ (ಇಂಚಿಗೆ ಎಷ್ಟು ಚುಕ್ಕಿ ಎನ್ನುವ ಲೆಕ್ಕ) ಸ್ಕ್ಯಾನ್ ಮಾಡಿದರೆ ಸಾಕು. ನೆಗೆಟಿವ್ ಚಿಕ್ಕದು, 36 × 24 ಮಿ.ಮೀ. ಅಷ್ಟೇ. ಅದಕ್ಕೆ ಕನಿಷ್ಠ 2400 ಡಿಪಿಐ ಬೇಕು. ಆಗ ಸುಮಾರು 3400 × 2270 ಪಿಕ್ಸೆಲ್ ಸಿಗುತ್ತದೆ, 8 × 12 ಇಂಚಿನ ಪ್ರಿಂಟಿಗೆ ಹೆಚ್ಚು ಕಡಿಮೆ ಸರಿಹೋಗುತ್ತದೆ. ಎಲ್ಲವನ್ನೂ ಸ್ಕ್ಯಾನ್ ಮಾಡುತ್ತೇನೆಂದು ಹೊರಟವರು ಯಾರೂ ಮುಗಿಸಿದ್ದನ್ನು ನಾನು ಕಂಡಿಲ್ಲ. ಪ್ರತಿ ರೀಲಿಗೆ ಎರಡೋ ಮೂರೋ ಆರಿಸಿಕೊಳ್ಳಿ.

ಹೆಜ್ಜೆ 2: ಕಣ್ಣು, ಕೈ, ಬೆನ್ನು, ಈ ಮೂರನ್ನೂ ವಿಚಾರಿಸಿ

ಕ್ಯಾಮೆರಾದ ಬಗ್ಗೆ ಬರೆಯುವವರಲ್ಲಿ ಹೆಚ್ಚಿನವರು ಚಿಕ್ಕ ವಯಸ್ಸಿನವರು. ಹಾಗಾಗಿ ಈ ವಿಷಯ ಎಲ್ಲೂ ಬರುವುದಿಲ್ಲ. ನಮಗೆ ಮಾತ್ರ ಇದೇ ಮುಖ್ಯ.

ಮೊದಲು ಕಣ್ಣು. ವ್ಯೂಫೈಂಡರ್, ಅಂದರೆ ಕಣ್ಣಿಟ್ಟು ನೋಡುವ ಕಿಂಡಿ, ಅದರ ಪಕ್ಕದಲ್ಲಿ ಒಂದು ಪುಟ್ಟ ಚಕ್ರ ಇರುತ್ತದೆ, ಡಯಾಪ್ಟರ್ ಚಕ್ರ. ಅದನ್ನು ತಿರುಗಿಸಿ ನಿಮ್ಮ ಕಣ್ಣಿಗೆ ಹೊಂದಿಸಿಕೊಳ್ಳಬೇಕು. ಹೊಂದಿಸುವಾಗ ಎದುರಿನ ದೃಶ್ಯ ನೋಡಬೇಡಿ. ಒಳಗೆ ಕಾಣುವ ಅಂಕಿ, ಅಕ್ಷರ ನೋಡಿ. ಅವು ಚೂಪಾಗಿ ಕಂಡ ಕಡೆ ನಿಲ್ಲಿಸಿ. ನನ್ನ ಗೆಳೆಯರೊಬ್ಬರು ಕ್ಯಾಮೆರಾದ ಫೋಕಸ್ಸೇ ಸರಿಯಿಲ್ಲ ಎಂದು ಎರಡು ಸಲ ರಿಪೇರಿಗೆ ಕೊಟ್ಟಿದ್ದರು. ಆ ಚಕ್ರ ಚೀಲಕ್ಕೆ ತಾಗಿ ತಿರುಗಿತ್ತು, ಅಷ್ಟೇ. ಕನ್ನಡಕ ಹಾಕಿಕೊಂಡು ನೋಡುತ್ತೀರೋ ಇಲ್ಲದೆಯೋ ಅನ್ನುವುದನ್ನೂ ಮೊದಲೇ ತೀರ್ಮಾನಿಸಿ. ಸಲಕ್ಕೊಂದು ರೀತಿ ಮಾಡಿದರೆ ದಿನವೂ ಚಕ್ರ ತಿರುಗಿಸುತ್ತಿರಬೇಕಾಗುತ್ತದೆ.

ಕಣ್ಣಿನ ಪೊರೆಯ ವಿಷಯ ಇನ್ನೂ ಸೂಕ್ಷ್ಮ. ವಯಸ್ಸಾದಂತೆ ಕಣ್ಣಿನ ಮಸೂರ ಹಳದಿಗೆ ತಿರುಗಿ ನೀಲಿ ಬೆಳಕನ್ನು ತಡೆಯುತ್ತದೆ. ಮೆಲ್ಲಗೆ ಆಗುವುದರಿಂದ ನಮಗೇ ಗೊತ್ತಾಗುವುದಿಲ್ಲ. ಕಂಪ್ಯೂಟರಿನಲ್ಲಿ ಬಣ್ಣ ತಿದ್ದುವಾಗ "ಹಳದಿ ಜಾಸ್ತಿಯಾಯಿತು" ಎನ್ನಿಸಿ ನೀಲಿ ಸೇರಿಸುತ್ತೇವೆ. ಆಪರೇಷನ್ ಆದ ಮೇಲೆ ನನ್ನ ಹಿಂದಿನ ಎರಡು ವರ್ಷದ ಫೋಟೋಗಳನ್ನು ತೆರೆದರೆ ಮಧ್ಯಾಹ್ನದ ಬಿಸಿಲೂ ಬೆಳದಿಂಗಳ ಹಾಗಿತ್ತು. ಚಿತ್ರಕಾರ ಕ್ಲಾಡ್ ಮೋನೆಗೂ ಪೊರೆಯ ಕಾಟ ಇತ್ತು, 1923ರಲ್ಲಿ ಆಪರೇಷನ್ ಮಾಡಿಸಿಕೊಂಡರು. ದೊಡ್ಡವರ ಸಾಲಿನಲ್ಲಿ ನಿಂತೆ ಎಂದು ನಾನೂ ಸಮಾಧಾನ ಮಾಡಿಕೊಂಡೆ. ನಿಮಗೂ ಪೊರೆ ಇದ್ದರೆ ಬಣ್ಣ ತಿದ್ದಿದ ಫೋಟೋವನ್ನು ಚಿಕ್ಕವರಿಗೆ ತೋರಿಸಿ, "ನೀಲಿಯಾಗಿ ಕಾಣುತ್ತದೆಯಾ?" ಎಂದು ಕೇಳಿ. ಮೂಲ ಫೈಲನ್ನು ತಿದ್ದದೆ ಹಾಗೇ ಇಟ್ಟುಕೊಳ್ಳಿ.

ಇನ್ನು ಕೈ ನಡುಕ. ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಉಸಿರು ಬಿಡುತ್ತ ಬಟನ್ ಒತ್ತಿ. ಒಂದರ ಬದಲು ಸಾಲಾಗಿ ಮೂರು ಹೊಡೆಯಿರಿ. ಎಷ್ಟೋ ಸಲ ನಡುವಿನದೇ ಚೂಪಾಗಿರುತ್ತದೆ, ಯಾಕೆಂದರೆ ಬೆರಳು ಒತ್ತುವಾಗಲೂ ಬಿಡುವಾಗಲೂ ಕ್ಯಾಮೆರಾ ಅಲುಗುತ್ತದೆ. ಟ್ರೈಪಾಡ್ ಹೊರಲು ಬೇಜಾರಾದರೆ ಒಂದು ಹಳೇ ಉಪಾಯ ಇದೆ. ಕ್ಯಾಮೆರಾದ ತಳದಲ್ಲಿ ಟ್ರೈಪಾಡಿಗೆ ಕಾಲು ಇಂಚಿನ ತೂತು ಇರುತ್ತದಲ್ಲ, ಅದಕ್ಕೆ ಹೊಂದುವ ಸ್ಕ್ರೂಗೆ ಗಟ್ಟಿ ದಾರ ಕಟ್ಟಿ. ದಾರದ ಇನ್ನೊಂದು ತುದಿಯನ್ನು ಕಾಲಿನಿಂದ ಮೆಟ್ಟಿ, ಕ್ಯಾಮೆರಾವನ್ನು ಮೇಲಕ್ಕೆ ಬಿಗಿಯಾಗಿ ಎಳೆದು ಹಿಡಿಯಿರಿ. ಅಲುಗಾಟ ಎಷ್ಟು ಕಡಿಮೆಯಾಗುತ್ತದೆ ಎಂದು ನಿಮಗೇ ಆಶ್ಚರ್ಯವಾಗುತ್ತದೆ. ಜೇಬಿನಲ್ಲಿ ಹಿಡಿಸುವ ಟ್ರೈಪಾಡ್ ಇದು. ನಡೆಯಲು ಕೋಲು ಬೇಕಾದವರು ಮಾನೋಪಾಡ್ (ಒಂದೇ ಕಾಲಿನ ಟ್ರೈಪಾಡ್) ಕೊಂಡರೆ ಎರಡೂ ಕೆಲಸ ಆಗುತ್ತದೆ.

ಬೆನ್ನಿಗೆ ಒಂದು ಪರೀಕ್ಷೆ. ಒಂದು ಲೀಟರ್ ನೀರು ತುಂಬಿದ ಬಾಟಲಿ ಒಂದು ಕೆಜಿ ತೂಗುತ್ತದೆ. ಅದನ್ನು ಚೀಲದಲ್ಲಿ ಹಾಕಿ ಹೆಗಲಿಗೇರಿಸಿ ಒಂದೂವರೆ ಗಂಟೆ ನಡೆಯಿರಿ. ಹೆಗಲು ದೂರು ಕೊಟ್ಟರೆ ಅದಕ್ಕಿಂತ ಹಗುರವಾದ ಕ್ಯಾಮೆರಾ ಬೇಕು ಎಂದರ್ಥ. ಕ್ಯಾಮೆರಾವನ್ನು ಕುತ್ತಿಗೆಗೆ ಹಾಕಬೇಡಿ. ಪಟ್ಟಿ ಎದೆಯ ಮೇಲೆ ಅಡ್ಡಲಾಗಿ ಬಂದು ಕ್ಯಾಮೆರಾ ಸೊಂಟದ ಬಳಿ ತೂಗಾಡಲಿ.

ಮತ್ತೊಂದು ಮಾತು. ವ್ಯೂಫೈಂಡರಿನಲ್ಲಿ ಕಣ್ಣಿಟ್ಟುಕೊಂಡು ಹಿಂದಕ್ಕೆ ಹೆಜ್ಜೆ ಇಡಬೇಡಿ. ನಿಲ್ಲಿ, ಕ್ಯಾಮೆರಾ ಇಳಿಸಿ, ತಿರುಗಿ ನೋಡಿ, ಆಮೇಲೆ ಹೆಜ್ಜೆ ಇಡಿ. ನಮ್ಮ ವಯಸ್ಸಿನಲ್ಲಿ ಬಿದ್ದರೆ ಎದ್ದೇಳುವುದಕ್ಕೆ ತಿಂಗಳುಗಳೇ ಬೇಕು.

ಹೆಜ್ಜೆ 3: ಈಗ ಕ್ಯಾಮೆರಾ

ಕೈಯಲ್ಲಿರುವ ಫೋನಿನಲ್ಲೇ ಮೂರು ತಿಂಗಳು ತೆಗೆಯಿರಿ. ಅಷ್ಟರಲ್ಲಿ ಫೋನಿಗೆ ಏನು ಆಗುವುದಿಲ್ಲ ಎನ್ನುವುದು ನಿಮಗೇ ತಿಳಿಯುತ್ತದೆ. ದೂರದ್ದು ಸಿಗುತ್ತಿಲ್ಲವೇ, ಮಂದ ಬೆಳಕಿನಲ್ಲಿ ಒಡೆಯುತ್ತಿದೆಯೇ, ಬಿಸಿಲಿನಲ್ಲಿ ಪರದೆ ಕಾಣುತ್ತಿಲ್ಲವೇ? ಆ ಕೊರತೆ ತುಂಬುವ ಕ್ಯಾಮೆರಾ ಕೊಂಡರಾಯಿತು. ಯಾವ ಕೊರತೆಯೂ ಕಾಣದಿದ್ದರೆ ದುಡ್ಡು ಉಳಿಯಿತು.

ಕ್ಯಾಮೆರಾ ಬೇಕೇ ಬೇಕು ಎಂದಾದರೆ ಸೆನ್ಸರ್, ಅಂದರೆ ರೀಲಿನ ಬದಲು ಬೆಳಕು ಹಿಡಿಯುವ ಚಿಪ್, ಅದರ ಗಾತ್ರದ ಲೆಕ್ಕ ಸ್ವಲ್ಪ ತಿಳಿದಿರಲಿ. ಫುಲ್ ಫ್ರೇಮ್ ಎಂದರೆ ಹಳೇ ರೀಲಿನಷ್ಟೇ ದೊಡ್ಡದು, 36 × 24 ಮಿ.ಮೀ. ಎಪಿಎಸ್‌-ಸಿ ಅದಕ್ಕಿಂತ ಚಿಕ್ಕದು. ಮೈಕ್ರೋ ಫೋರ್ ಥರ್ಡ್ಸ್ ಇನ್ನೂ ಚಿಕ್ಕದು, ಸುಮಾರು 17 × 13 ಮಿ.ಮೀ. ಸೆನ್ಸರ್ ಚಿಕ್ಕದಾದಷ್ಟೂ ಲೆನ್ಸುಗಳು ಹಗುರ. ಲೆನ್ಸಿನ ಮೇಲಿನ ಮಿ.ಮೀ. ಅಂಕಿ ಬೇರೆ, ಅದು ಹೆಚ್ಚಾದಷ್ಟೂ ದೂರದ್ದು ಹತ್ತಿರ ಕಾಣುತ್ತದೆ. ಫುಲ್ ಫ್ರೇಮಿನಲ್ಲಿ 300 ಮಿ.ಮೀ. ಲೆನ್ಸ್ ತೋರಿಸುವಷ್ಟು ಹತ್ತಿರದ ನೋಟವನ್ನು ಮೈಕ್ರೋ ಫೋರ್ ಥರ್ಡ್ಸ್‌ನಲ್ಲಿ 150 ಮಿ.ಮೀ. ಲೆನ್ಸೇ ಕೊಡುತ್ತದೆ. ಕತ್ತಲಲ್ಲಿ ದೊಡ್ಡ ಸೆನ್ಸರಿನದ್ದು ಮೇಲುಗೈ, ನಿಜ. ಆದರೆ ಬೀರುವಿನಲ್ಲಿ ಮಲಗಿದ ದೊಡ್ಡ ಸೆನ್ಸರ್‌ಗಿಂತ ಹೆಗಲ ಮೇಲಿರುವ ಚಿಕ್ಕದು ವಾಸಿ ಎಂದು ನಾನು ಖರ್ಚು ಮಾಡಿ ಕಲಿತಿದ್ದೇನೆ.

ಕೊಳ್ಳುವ ಮೊದಲು ಎರಡು ದಿನ ಬಾಡಿಗೆಗೆ ತನ್ನಿ, ಇಲ್ಲವೇ ಇರುವವರ ಹತ್ತಿರ ಕೇಳಿ ಪಡೆಯಿರಿ. ಬಟನ್‌ಗಳು ಬೆರಳಿಗೆ ಸಿಗುತ್ತವೆಯೇ, ಮೆನುವಿನ ಅಕ್ಷರ ಕಾಣುತ್ತದೆಯೇ ನೋಡಿ. ಸೆಕೆಂಡ್ ಹ್ಯಾಂಡ್ ತೆಗೆದುಕೊಳ್ಳಲು ಹಿಂಜರಿಯಬೇಡಿ. ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ಮುಂದಿನಿಂದ ನೋಡಿದರೆ ಫಂಗಸ್ ಇದ್ದರೆ ಎದ್ದು ಕಾಣುತ್ತದೆ. ಷಟರ್ (ಬೆಳಕನ್ನು ಒಳಗೆ ಬಿಟ್ಟು ಮುಚ್ಚುವ ಪರದೆ) ಎಷ್ಟು ಸಲ ಓಡಿದೆ ಎಂದು ಕೇಳಿ.

ಲೆನ್ಸ್ ಒಂದೇ ಸಾಕು. ಫುಲ್ ಫ್ರೇಮ್ ಲೆಕ್ಕದಲ್ಲಿ 35 ಅಥವಾ 50 ಮಿ.ಮೀ. ನೋಟ ಕೊಡುವ, ಝೂಮ್ ಇಲ್ಲದ ಲೆನ್ಸ್. ಎಪಿಎಸ್‌-ಸಿ ಆದರೆ 23 ಅಥವಾ 35 ಮಿ.ಮೀ. ಆರು ತಿಂಗಳು ಬೇರೇನೂ ಕೊಳ್ಳುವುದಿಲ್ಲ ಎಂದು ಮನೆಯವರ ಮುಂದೆ ಮಾತು ಕೊಡಿ. ಅವರು ನೆನಪಿಟ್ಟುಕೊಳ್ಳುತ್ತಾರೆ.

ಫಂಗಸ್ ಬಾರದಂತೆ ನೋಡಿಕೊಳ್ಳುವುದು ಕಷ್ಟವಲ್ಲ. ಗಾಳಿಯಾಡದ, ಕತ್ತಲೆಯ, ತೇವದ ಜಾಗ ಅದಕ್ಕೆ ಇಷ್ಟ. ಚರ್ಮದ ಕೇಸಿನಲ್ಲಿ ತೇವ ಕೂರುತ್ತದೆ, ಅದರೊಳಗೆ ಇಡಬೇಡಿ. ಗಾಳಿ ಹೋಗದ ಡಬ್ಬ, ಅದರಲ್ಲಿ ಸಿಲಿಕಾ ಜೆಲ್, ಒಂದು ಪುಟ್ಟ ತೇವಮಾಪಕ ಇದ್ದರೆ ಆಯಿತು. ಮುಳ್ಳು ಶೇಕಡಾ 40ರಿಂದ 50ರ ನಡುವೆ ಇರಲಿ. ಜೆಲ್ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು. ಎಲ್ಲಕ್ಕಿಂತ ಒಳ್ಳೆಯ ಮದ್ದು, ವಾರಕ್ಕೆರಡು ಸಲ ಕ್ಯಾಮೆರಾ ಹೊರಗೆ ಒಯ್ಯುವುದು.

ಹೆಜ್ಜೆ 4: ಕಿಟಕಿಯ ಪಾಠ

ಕ್ಯಾಮೆರಾದಲ್ಲಿ ಕಲಿಯಬೇಕಾದ ಲೆಕ್ಕ ಮೂರೇ: ಅಪರ್ಚರ್ (ಲೆನ್ಸಿನೊಳಗೆ ಬೆಳಕು ಬರುವ ಕಿಂಡಿ), ಷಟರ್ ವೇಗ (ಸೆಕೆಂಡಿನ ಎಷ್ಟು ಭಾಗ ಬೆಳಕು ಒಳಗೆ ಬೀಳುತ್ತದೆ), ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಎನ್ನುವ ಅಂಕಿ). ಅಪರ್ಚರಿನ ಅಂಕಿಗಳು 2, 2.8, 4, 5.6, 8, 11 ಎಂದು ಸಾಗುತ್ತವೆ. ಒಂದೊಂದು ಮೆಟ್ಟಿಲಿಗೂ ಬೆಳಕು ಅರ್ಧವಾಗುತ್ತದೆ. ಷಟರಿನಲ್ಲೂ ಅಷ್ಟೇ, 1/125ಕ್ಕಿಂತ 1/250ರಲ್ಲಿ ಅರ್ಧ ಬೆಳಕು. ಐಎಸ್‌ಒ ಏರಿಸಿದರೆ ಚಿತ್ರ ಬೆಳಗುತ್ತದೆ, ಜೊತೆಗೆ ಮರಳಿನಂಥ ಕಾಳು ಬರುತ್ತದೆ.

ಹಳಬರು ಹೇಳುವ ಸೂತ್ರ ಒಂದಿದೆ. 50 ಮಿ.ಮೀ. ಲೆನ್ಸ್ ಆದರೆ ಷಟರ್ 1/50ಕ್ಕಿಂತ ನಿಧಾನವಾಗಬಾರದು, 200 ಆದರೆ 1/200. ಅದು ಗಟ್ಟಿ ಕೈಯವರಿಗೆ. ನಾವು ಅದರ ಎರಡು ಪಟ್ಟು ಇಟ್ಟುಕೊಳ್ಳೋಣ. ಕ್ಯಾಮೆರಾವನ್ನು ಅಪರ್ಚರ್ ಪ್ರಯಾರಿಟಿಗೆ (ಅಪರ್ಚರ್ ನಾವು ಆರಿಸಿ ಷಟರ್ ವೇಗವನ್ನು ಕ್ಯಾಮೆರಾಗೆ ಬಿಡುವ ಕ್ರಮ) ಹಾಕಿ, ಐಎಸ್‌ಒ ಆಟೋದಲ್ಲಿ ಬಿಡಿ, ಮೆನುವಿನಲ್ಲಿ ಕನಿಷ್ಠ ಷಟರ್ ವೇಗ 1/125 ಎಂದು ಕೊಡಿ. ಐಎಸ್‌ಒ 3200ಕ್ಕೆ ಏರಿತೆಂದು ಗಾಬರಿ ಬೇಡ. ಕಾಳನ್ನು ಆಮೇಲೆ ತಗ್ಗಿಸಬಹುದು, ಅಲುಗಿದ ಫೋಟೋಗೆ ಅಂಥ ಮದ್ದಿಲ್ಲ.

ಇದನ್ನು ಓದಿ ಕಲಿಯುವುದಕ್ಕಿಂತ ಒಂದು ದಿನ ಪೂರ್ತಿ ಒಂದು ಕಿಟಕಿಯ ಮುಂದೆ ಕಳೆಯಿರಿ. ಕಿಟಕಿ ಪಕ್ಕದ ಮೇಜಿನ ಮೇಲೆ ಒಂದು ಸ್ಟೀಲ್ ಲೋಟ ಇಡಿ. ಬೆಳಿಗ್ಗೆ ಆರರಿಂದ ಸಂಜೆ ಆರರವರೆಗೆ ಗಂಟೆಗೊಂದು ಫೋಟೋ. ಲೋಟ ಕದಲಿಸಬಾರದು, ನಿಲ್ಲುವ ಜಾಗವೂ ಅದೇ.

ನಾನು ಮಾಡಿದಾಗ ಬೆಳಿಗ್ಗೆ ಏಳಕ್ಕೆ ಲೋಟದ ಒಂದು ಅಂಚು ಮಾತ್ರ ಹೊಳೆಯುತ್ತಿತ್ತು. ನೆರಳು ಮೇಜು ದಾಟಿ ಗೋಡೆ ಏರಿತ್ತು. ಹನ್ನೆರಡಕ್ಕೆ ನೆರಳೇ ಇಲ್ಲ, ಲೋಟ ಸಪ್ಪೆ, ಪಾತ್ರೆ ಅಂಗಡಿಯ ಜಾಹೀರಾತಿನ ಹಾಗೆ. ಮೂರು ಗಂಟೆಗೆ ಮೋಡ ಬಂತು. ಆಗ ಲೋಟದ ಮೈಮೇಲಿನ ಸಣ್ಣ ಸಣ್ಣ ಗೀರುಗಳೆಲ್ಲ ಕಂಡವು. ಅಷ್ಟು ವರ್ಷ ಅದರಲ್ಲಿ ನೀರು ಕುಡಿದಿದ್ದೇನೆ, ಆ ಗೀರು ನೋಡಿರಲಿಲ್ಲ. ಸಂಜೆ ಐದೂವರೆಗೆ ಎದುರಿನ ಗೋಡೆಗೆ ಬಡಿದು ವಾಪಸ್ ಬಂದ ಬಿಸಿಲು ಲೋಟವನ್ನು ಹಿತ್ತಾಳೆಯ ಬಣ್ಣಕ್ಕೆ ತಿರುಗಿಸಿತ್ತು. ಹದಿಮೂರು ಫೋಟೋಗಳನ್ನು ಸಾಲಾಗಿ ಇಟ್ಟು ನೋಡಿ. ಕೆಲಸದಲ್ಲಿದ್ದಾಗ ಇಂಥ ಒಂದು ದಿನ ಎಲ್ಲಿ ಸಿಗುತ್ತಿತ್ತು? ದುಬಾರಿ ಕ್ಯಾಮೆರಾ ಇರುವ ಚಿಕ್ಕವರ ಹತ್ತಿರ ಇಲ್ಲದ್ದು ಈಗ ನಮ್ಮ ಹತ್ತಿರ ಇರುವುದು ಇದೇ, ಕಾಯುವಷ್ಟು ಹೊತ್ತು.

ಹೆಜ್ಜೆ 5: ಒಂದು ವಿಷಯ, ಮತ್ತೆ ಮತ್ತೆ

ದೂರದ ಪ್ರವಾಸಕ್ಕೆ ಹೋದರೆ ಮಾತ್ರ ಫೋಟೋ ಸಿಗುತ್ತದೆ ಎಂದು ಅಂದುಕೊಳ್ಳಬೇಡಿ. ನಡೆದು ಹೋಗುವಷ್ಟು ಹತ್ತಿರ ಇರುವ ಒಂದನ್ನು ಆರಿಸಿ: ಒಂದು ಮರ, ಒಂದು ಬಸ್ ನಿಲ್ದಾಣ, ಮೊಮ್ಮಗುವಿನ ಓದುವ ಹೊತ್ತು. ಒಂದು ವರ್ಷ ಅದನ್ನು ಬಿಡಬೇಡಿ.

ವಯಸ್ಸಾಯಿತಲ್ಲ ಎನ್ನುವವರಿಗೆ ಮೂರು ಹೆಸರು ಹೇಳುತ್ತೇನೆ. ಬ್ರಿಟನ್ನಿನ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಕೈಗೆ ಮೊದಲ ಕ್ಯಾಮೆರಾ ಬಂದದ್ದು 1863ರಲ್ಲಿ, 48ನೇ ವಯಸ್ಸಿನಲ್ಲಿ, ಮಗಳ ಉಡುಗೊರೆಯಾಗಿ. ಆಗ ಗಾಜಿನ ಹಾಳೆಗೆ ಔಷಧಿ ಬಳಿದು ಫೋಟೋ ತೆಗೆಯಬೇಕಿತ್ತು. ಫ್ರಾನ್ಸಿನ ಜಾಕ್ ಆನ್ರಿ ಲಾರ್ಟಿಗ್ ಹುಡುಗನಾಗಿದ್ದಾಗಿನಿಂದ ಮನೆಯವರ, ಗೆಳೆಯರ ಫೋಟೋ ತೆಗೆಯುತ್ತಲೇ ಇದ್ದವರು. ಜಗತ್ತಿಗೆ ಅವು ಗೊತ್ತಾದದ್ದು 1963ರಲ್ಲಿ ನ್ಯೂಯಾರ್ಕಿನಲ್ಲಿ ಪ್ರದರ್ಶನ ನಡೆದಾಗ, ಅವರಿಗೆ 69 ವರ್ಷ. ಜಪಾನಿನ ಕಿಮಿಕೊ ನಿಶಿಮೊಟೊ ಅಜ್ಜಿ 72ಕ್ಕೆ ಕ್ಯಾಮೆರಾ ಹಿಡಿದರು. ತಮ್ಮನ್ನೇ ಕಸದ ಚೀಲದೊಳಗೆ ತುಂಬಿಕೊಂಡು ತೆಗೆದ ತಮಾಷೆಯ ಫೋಟೋಗಳಿಂದ ಹೆಸರಾದರು. ಮೂವರೂ ತೆಗೆದದ್ದು ಹೆಚ್ಚಾಗಿ ಮನೆ ಸುತ್ತಮುತ್ತಲಿನ ಜನರನ್ನು, ಇಲ್ಲವೇ ತಮ್ಮನ್ನೇ.

ನನ್ನ ವಿಷಯ ಕೈಗಳು ಎಂದೆನಲ್ಲ. ಮನೆಯ ಕಿಟಕಿ ಸರಿ ಮಾಡಲು ಬಡಗಿ ಒಬ್ಬರು ಬಂದಿದ್ದರು. "ಫೋಟೋ ತೆಗೀಲಾ?" ಎಂದು ಕೇಳಿದೆ. "ಮುಖ ಬೇಡ ಸಾರ್, ಗಡ್ಡ ಬೋಳಿಸಿಲ್ಲ" ಎಂದರು. ಕೈ ಸಾಕು ಎಂದೆ. ಅವರು ಕೀಸುಳಿ ಓಡಿಸುತ್ತಿದ್ದರು. ಮೊದಲು 1/500ರಲ್ಲಿ ತೆಗೆದೆ. ಎಲ್ಲವೂ ನಿಂತುಬಿಟ್ಟಿತು. ಕೀಸುಳಿ ಮರಕ್ಕೆ ಅಂಟಿದ ಹಾಗಿತ್ತು. 1/30ಕ್ಕೆ ಇಳಿಸಿ, ಬಾಗಿಲ ಚೌಕಟ್ಟಿಗೆ ಒರಗಿ ನಿಂತು ಮತ್ತೆ ತೆಗೆದೆ. ಈಗ ಒತ್ತಿ ಹಿಡಿದ ಎಡಗೈ ಚೂಪಾಗಿತ್ತು, ತಳ್ಳುವ ಬಲಗೈ ಮಸುಕು, ಮರದ ಸುರುಳಿ ಗಾಳಿಯಲ್ಲಿ ಗೆರೆ ಎಳೆದಿತ್ತು. ಇಪ್ಪತ್ತೆರಡರಲ್ಲಿ ಸರಿಬಂದದ್ದು ಒಂದೇ.

ಅಪರಿಚಿತರ ಫೋಟೋ ತೆಗೆಯುವಾಗ ಕೇಳಿ ತೆಗೆಯಿರಿ, ಮಕ್ಕಳದ್ದಾದರೆ ತಂದೆ ತಾಯಿಯನ್ನು ಕೇಳಿ. ಬೇಡ ಎಂದರೆ ನಗುತ್ತ ಮುಂದೆ ಹೋಗಿ. ತಲೆ ನರೆತವರು ಕೇಳಿದರೆ ಜನ ಬೇಗ ಒಪ್ಪುತ್ತಾರೆ, ಇದು ನಮಗಿರುವ ಲಾಭ.

ಗುಂಪು ಸೇರುವುದು, ಸ್ಪರ್ಧೆಗೆ ಕಳಿಸುವುದು ನಿಮ್ಮ ಇಷ್ಟ. ಜೊತೆಗೆ ನಡೆಯಲು ಜನ ಸಿಕ್ಕರೆ ಒಳ್ಳೆಯದೇ. ಲೈಕ್ ಎಣಿಸುವುದು ಮಾತ್ರ ಬೇಡ. ಮತ್ತೆ ಹಕ್ಕಿಯ ಲೆನ್ಸಿಗೇ ಹೋಗಿ ಮುಟ್ಟುತ್ತೀರಿ.

ಹೆಜ್ಜೆ 6: ಆರಿಸುವುದು, ಉಳಿಸುವುದು

ತೆಗೆದ ದಿನವೇ ಅಳಿಸಬೇಡಿ. ಅಂದು ಎಲ್ಲವೂ ಚೆನ್ನಾಗಿಯೇ ಕಾಣುತ್ತದೆ, ಇಲ್ಲವೇ ಎಲ್ಲವೂ ಕೆಟ್ಟದಾಗಿ. ಒಂದು ವಾರ ಬಿಟ್ಟು ಕೂತು ನೋಡಿ. ಒಂದೇ ರೀತಿಯ ಹತ್ತಿದ್ದರೆ ಒಂದನ್ನು ಉಳಿಸಿಕೊಳ್ಳಿ. ತಿಂಗಳ ಕೊನೆಗೆ ಹನ್ನೆರಡು ಫೋಟೋ ಉಳಿದರೆ ಅದು ಒಳ್ಳೆಯ ತಿಂಗಳು.

ಫೋಲ್ಡರುಗಳಿಗೆ ವರ್ಷ, ತಿಂಗಳು, ವಿಷಯ ಎಂದು ಹೆಸರು ಕೊಟ್ಟರೆ ಸಾಕು. ತಿದ್ದಲು ದುಡ್ಡು ಕೊಟ್ಟೇ ತಂತ್ರಾಂಶ ತರಬೇಕಿಲ್ಲ. ಡಾರ್ಕ್‌ಟೇಬಲ್, ರಾಥೆರಪಿ, ಗಿಂಪ್ ಮೂರೂ ಉಚಿತ. ಶುರುವಿನಲ್ಲಿ ಮೂರೇ ಕೆಲಸ ಮಾಡಿ: ಓರೆಯಾದದ್ದನ್ನು ನೇರ ಮಾಡುವುದು, ಬೇಡದ ಅಂಚು ಕತ್ತರಿಸುವುದು, ಬೆಳಕು ಹೆಚ್ಚು ಕಡಿಮೆ ಮಾಡುವುದು. ಕ್ಯಾಮೆರಾದಲ್ಲಿ ರಾ (ಸೆನ್ಸರ್ ಹಿಡಿದದ್ದು ಹಾಗೇ ಇರುವ ಫೈಲ್) ಮತ್ತು ಜೆಪೆಗ್ (ಕ್ಯಾಮೆರಾವೇ ತಯಾರಿಸಿ ಕೊಡುವ ಮಾಮೂಲು ಫೋಟೋ ಫೈಲ್) ಎರಡೂ ಉಳಿಯುವಂತೆ ಇಟ್ಟುಕೊಳ್ಳಿ. ಇಂದು ಜೆಪೆಗ್ ಸಾಕು, ಮುಂದೆ ಕಲಿತ ಮೇಲೆ ರಾ ಬೇಕಾಗುತ್ತದೆ.

ಹಾರ್ಡ್ ಡಿಸ್ಕ್ ಒಂದಲ್ಲ ಒಂದು ದಿನ ಕೈಕೊಡುತ್ತದೆ. ಮೂರು ಪ್ರತಿ ಇರಲಿ, ಎರಡು ಬಗೆಯ ಸಾಧನದಲ್ಲಿ ಇರಲಿ, ಒಂದು ಪ್ರತಿ ಮನೆಯಿಂದ ಹೊರಗೆ ಇರಲಿ. ಮಗಳ ಮನೆಯಲ್ಲಿ ಒಂದು ಡಿಸ್ಕ್ ಇಟ್ಟು, ಹೋದಾಗಲೆಲ್ಲ ಬದಲಾಯಿಸಿ. ಕಾರ್ಡ್ ಖಾಲಿ ಮಾಡುವ ಮುಂಚೆ ಫೋಟೋಗಳು ಎರಡು ಕಡೆ ಸೇರಿವೆಯೇ ಎಂದು ತೆರೆದು ನೋಡಿ, ಆಮೇಲೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿ. ಪಾಸ್‌ವರ್ಡ್‌ಗಳನ್ನು ಒಂದು ಕಾಗದದಲ್ಲಿ ಬರೆದು, ಎಲ್ಲಿಟ್ಟಿದ್ದೀರಿ ಎಂದು ಮನೆಯವರಿಗೆ ಹೇಳಿ. ಹೇಳಲು ಮುಜುಗರ ಆಗುತ್ತದೆ, ಗೊತ್ತು. ಆದರೂ ಹೇಳಿ.

ಹೆಜ್ಜೆ 7: ಕಾಗದಕ್ಕೆ ಇಳಿಸಿ

ತಿಂಗಳಿಗೆ ಎರಡಾದರೂ ಪ್ರಿಂಟ್ ಹಾಕಿಸಿ. ಇಂಚಿಗೆ 300 ಪಿಕ್ಸೆಲ್ ಲೆಕ್ಕ ಹಿಡಿದರೆ 8 × 12ಕ್ಕೆ 2400 × 3600 ಪಿಕ್ಸೆಲ್ ಬೇಕು. ಈಗಿನ ಯಾವ ಕ್ಯಾಮೆರಾದಲ್ಲೂ ಅದು ಇದೆ. ಪರದೆಯ ಮೇಲೆ ಚೆನ್ನಾಗಿದ್ದದ್ದು ಕಾಗದದಲ್ಲಿ ಕಪ್ಪಾಗಿ ಬರುವುದು ಮಾಮೂಲು. ಪರದೆಯ ಹೊಳಪನ್ನು ಅರ್ಧಕ್ಕೆ ಇಳಿಸಿಕೊಂಡು ತಿದ್ದಿದರೆ ಆ ತೊಂದರೆ ಕಡಿಮೆ.

ಹಿಂಬದಿಯಲ್ಲಿ ಯಾರು, ಎಲ್ಲಿ, ಯಾವಾಗ ಎಂದು ಬರೆಯಿರಿ. ಬಾಲ್ ಪೆನ್ ಬೇಡ, ಒತ್ತು ಮುಂಬದಿಗೆ ಮೂಡುತ್ತದೆ. ಮೃದುವಾದ ಪೆನ್ಸಿಲ್ ಬಳಸಿ. ನುಣುಪು ಕಾಗದಕ್ಕೆ ಪೆನ್ಸಿಲ್ ಹತ್ತದಿದ್ದರೆ ಫೋಟೋಗೆಂದೇ ಸಿಗುವ ಪೆನ್ ಇದೆ. ಹಳೇ ಫೋಟೋಗಳಲ್ಲಿರುವವರ ಹೆಸರು ಮನೆಯಲ್ಲಿ ನಿಮಗೊಬ್ಬರಿಗೇ ಗೊತ್ತಿರಬಹುದು. ಮೊದಲು ಅವಕ್ಕೆ ಬರೆಯಿರಿ.

ಫೋಟೋದಲ್ಲಿರುವವರಿಗೆ ಒಂದು ಪ್ರತಿ ಕೊಡಿ. ಬಡಗಿಯ ಆ ಒಂದು ಫೋಟೋವನ್ನು ಪ್ರಿಂಟ್ ಹಾಕಿಸಿ, ಉಳಿದ ಕಿಟಕಿಯ ಕೆಲಸಕ್ಕೆ ಬಂದಾಗ ಅವರಿಗೆ ಕೊಟ್ಟೆ. ಗಾಳಿಯಲ್ಲಿ ಗೆರೆ ಎಳೆದ ಸುರುಳಿಯನ್ನು ಅವರು ಮೆಚ್ಚುತ್ತಾರೆ ಅಂದುಕೊಂಡಿದ್ದೆ. ಅದರ ಕಡೆ ನೋಡಲೇ ಇಲ್ಲ. ಬೆರಳಿಟ್ಟು ಕೀಸುಳಿ ತೋರಿಸಿ, "ಇದು ನಮ್ಮಪ್ಪಂದು ಸಾರ್" ಎಂದರು. ಪೆನ್ಸಿಲ್ ತಂದು ನನ್ನ ಪ್ರತಿಯ ಹಿಂದೆ ಅದನ್ನೂ ಬರೆದುಕೊಂಡೆ.